ತಂಗಿ ಮಾಡಿದ ಸದ್ದು

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ನನಗೆ ಯಾವಾಗಲೂ ಕಷ್ಟವೇ. ಹಾಸನದ ಹೊರಗೆ ಕರೆಂಟಿನ ಬಸ್ಸು ತಯಾರಿಸುವ ಕಂಪನಿಯೊಂದಿದೆ. ಅಲ್ಲಿ ನಾನು ಇಂಜಿನಿಯರ್. ಬಸ್ಸಿನೊಳಗೆ ಕೂತವರ ಕಿವಿಗೆ ಸದ್ದು ಬೀಳದ ಹಾಗೆ, ಮೈಗೆ ನಡುಕ ತಾಗದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಇದನ್ನು ಒಮ್ಮೆ ನಮ್ಮ ಸೋದರತ್ತೆಗೆ ಬಿಡಿಸಿ ಹೇಳಿದ್ದೆ. ಅವರು ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡು, "ಅಂಗಾರೆ ನೀನ್ ಕೆಲ್ಸ ಮಾಡಿದ್ರೆ ಏನೂ ಇರಾಕಿಲ್ಲ ಅನ್ನು" ಎಂದು ನಕ್ಕರು. ತಮಾಷೆಗೆ ಅಂದ ಮಾತು. ಆದರೆ ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಹೇಳಿದವರು ಮತ್ತೊಬ್ಬರಿಲ್ಲ.

ಅದೇ ಕಂಪನಿಯಲ್ಲಿ ನನ್ನ ತಂಗಿಯೂ ಇದ್ದಾಳೆ. ಅವಳ ಕೆಲಸ ನನ್ನದಕ್ಕೆ ತದ್ವಿರುದ್ಧ. ಕರೆಂಟಿನ ಬಸ್ಸು ನಿಧಾನವಾಗಿ ಹೋಗುವಾಗ ರಸ್ತೆಯಲ್ಲಿ ನಡೆಯುವವರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ವೇಗವಾಗಿ ಓಡುವಾಗ ಟೈರಿನ ಸದ್ದು, ಗಾಳಿಯ ಸದ್ದು ಇರುತ್ತದೆ. ನಿಧಾನವಾಗಿದ್ದಾಗ ಅದೂ ಇಲ್ಲ. ಅದಕ್ಕೆ ಬಸ್ಸಿನ ಮುಂದೆ ಒಂದು ಸ್ಪೀಕರ್ ಇಟ್ಟು, ಜನ ಎಚ್ಚರವಾಗುವಂಥ ಸದ್ದನ್ನು ಹೊರಡಿಸಬೇಕು. ಆ ಸದ್ದನ್ನು ಹುಟ್ಟಿಸುವುದು ಅವಳ ಕೆಲಸ. ನಾನು ತೆಗೆಯುವವಳು, ಅವಳು ಹಾಕುವವಳು. ತೆಗೆದದ್ದು ಯಾರ ಕಣ್ಣಿಗೆ ಬೀಳುತ್ತದೆ?

ನಮ್ಮಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಮತ್ತೆ ವಾಪಸು. ಇಂಜಿನ್ ಆಗ ಡ್ರೈವರ್ ಪಕ್ಕದಲ್ಲೇ ಇರುತ್ತಿತ್ತು, ಮೇಲೊಂದು ತಗಡಿನ ಬಾನೆಟ್ಟು. ಸಂತೆಯ ದಿನ ಆ ಬಾನೆಟ್ಟಿನ ಮೇಲೂ ಜನ ಕೂರುತ್ತಿದ್ದರು. ಅಷ್ಟು ವರ್ಷ ಆ ಇಂಜಿನ್ನಿನ ಪಕ್ಕ ಕೂತು ಅಪ್ಪನ ಕಿವಿ ಹೋಯಿತು. ಪೂರ್ತಿ ಹೋಗಲಿಲ್ಲ. ಗಂಡಸರ ದಪ್ಪ ದನಿ ಅವರಿಗೆ ಒಂದಷ್ಟು ಕೇಳುತ್ತದೆ. ಹೆಂಗಸರ ಮಾತು, ಮಕ್ಕಳ ಮಾತು, ಕುಕ್ಕರಿನ ಸೀಟಿ ಕೇಳುವುದಿಲ್ಲ. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಹೆಂಡತಿ ಇರುವ ಮನೆಯಲ್ಲಿ ಇದು ಎಂಥ ಫಜೀತಿ ಅಂತ ನೀವೇ ಊಹಿಸಬಹುದು.

ನಾನು ಮೆಕ್ಯಾನಿಕಲ್ ಓದಿದ್ದೇ ಅಪ್ಪನ ಕಿವಿಯ ದೆಸೆಯಿಂದ. ಆಗ ನಮ್ಮ ಬೀದಿಯಲ್ಲಿ ಹುಡುಗಿಯರು ಆ ವಿಷಯ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹಟ ಹಿಡಿದು ಓದಿ, ಸದ್ದು ಮತ್ತು ಕಂಪನದ ವಿಷಯದಲ್ಲೇ ಮುಂದಿನ ಓದೂ ಮುಗಿಸಿ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ತಂಗಿ ಕಾಲೇಜಿಗೆ ಬಂದಳು. ಏನು ಓದಲಿ ಎಂಬ ಯೋಚನೆಯೇ ಅವಳಿಗೆ ಇರಲಿಲ್ಲ. "ಅಕ್ಕ ಓದಿದ್ದೇ ಓದ್ತೀನಿ" ಅಂದಳು. ನನ್ನ ಪುಸ್ತಕ, ನನ್ನ ಟಿಪ್ಪಣಿ ಎಲ್ಲ ಅವಳಿಗೆ ಹೋಯಿತು. ನಾನು ಯಾವ ಮೇಷ್ಟರಿಗೆ ಹೆದರಬೇಕು ಅಂತ ಒಬ್ಬಳೇ ಕಲಿತಿದ್ದೆನೋ ಅದನ್ನೂ ಅವಳಿಗೆ ಹೇಳಿಕೊಟ್ಟೆ. ಕೊನೆಗೆ ನಮ್ಮ ಕಂಪನಿಯಲ್ಲಿ ಜಾಗ ಖಾಲಿಯಾದಾಗ ಅವಳಿಗೆ ಹೇಳಿದ್ದೂ ನಾನೇ. ಎಲ್ಲ ಮಾಡಿದ ಮೇಲೆ ಅವಳು ನನಗಿಂತ ಚೆನ್ನಾಗಿ ಮಿಂಚಿದರೆ ಸಂತೋಷಪಡಬೇಕು ಅಂತ ನನಗೂ ಗೊತ್ತಿತ್ತು.

ನನಗೆ ಮದುವೆಯಾಗಿದೆ. ಯಜಮಾನರು ಚನ್ನರಾಯಪಟ್ಟಣದಲ್ಲೇ ಕಾಲೇಜು ಉಪನ್ಯಾಸಕರು. ನಮ್ಮ ಮನೆ ಅಪ್ಪನ ಮನೆಯಿಂದ ಎರಡು ಬೀದಿ ಆಚೆ. ತಂಗಿ ಅಪ್ಪ ಅಮ್ಮನ ಜೊತೆ. ದಿನಾ ಬೆಳಿಗ್ಗೆ ನಾವಿಬ್ಬರೂ ಒಂದೇ ಬಸ್ಸಿಗೆ ಹತ್ತಿ, ಒಂದೇ ಸೀಟಿನಲ್ಲಿ ಕೂತು ಹಾಸನಕ್ಕೆ ಹೋಗುತ್ತೇವೆ. ಸಂಜೆ ಹಾಗೇ ಬರುತ್ತೇವೆ. ಹೊಟ್ಟೆಕಿಚ್ಚು ದೂರದವರ ಮೇಲಿದ್ದರೆ ಹೇಗೋ ಸಹಿಸಬಹುದು. ತೋಳಿಗೆ ತೋಳು ತಾಗಿಸಿಕೊಂಡು ಕೂತವಳ ಮೇಲೆ, ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಕಡಲೆಬೀಜ ಆರಿಸಿ ತಿನ್ನುವವಳ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಸುಸ್ತಿನ ಕೆಲಸ.

ಮೊದಮೊದಲು ಹಾಗೇನೂ ಇರಲಿಲ್ಲ. ಸದ್ದು ಹಾಕುವ ತಂಗಿಯ ಕೆಲಸವನ್ನು ಆಗ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕೆಲಸದ ಮೇಲಿತ್ತು. ಇಂಜಿನ್ ಇಲ್ಲದ ಬಸ್ಸಿಗೆ ಸದ್ದೆಲ್ಲಿಂದ ಅಂತ ಜನ ಕೇಳುತ್ತಾರೆ. ಇಂಜಿನ್ ಇದ್ದಾಗ ಅದರ ಆರ್ಭಟದಲ್ಲಿ ಮುಚ್ಚಿಹೋಗಿದ್ದ ನೂರು ಸಣ್ಣ ಸದ್ದುಗಳು ಈಗ ಹೊರಗೆ ಬರುತ್ತವೆ. ಮೋಟಾರಿನ ಗೇರು ಸೊಳ್ಳೆಯ ಹಾಗೆ ಕೀರಲು ದನಿಯಲ್ಲಿ ಕೂಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಯಂತ್ರ ತಟತಟ ಅನ್ನುತ್ತದೆ. ಕಿಟಕಿಯ ಗಾಜು, ಸೀಟಿನ ಬೋಲ್ಟು, ಮೇಲಿನ ಕಂಬಿ, ಎಲ್ಲಕ್ಕೂ ಬಾಯಿ ಬರುತ್ತದೆ. ನಾನು ಒಂದೊಂದನ್ನೇ ಹುಡುಕಿ, ಇಲ್ಲಿ ರಬ್ಬರು, ಅಲ್ಲಿ ದಪ್ಪ ಹಾಸು, ಮತ್ತೊಂದು ಕಡೆ ಗೇರಿನ ಹಲ್ಲಿನ ಆಕಾರವನ್ನೇ ಬದಲಾಯಿಸುವುದು, ಹೀಗೆ ಮಾಡಿ ಬಾಯಿ ಮುಚ್ಚಿಸಿದ್ದೆ. ಬಸ್ಸು ಸಿದ್ಧವಾದಾಗ ನಮ್ಮ ಮುಖ್ಯಸ್ಥರು ಒಳಗೆ ಕೂತು ಒಂದು ಸುತ್ತು ಹೋಗಿ ಬಂದು, "ದೇವರ ಮನೆ ಇದ್ದ ಹಾಗಿದೆ ಮೇಡಂ" ಅಂದಿದ್ದರು. ಆ ದಿನ ನಾನು ಹಾಸನದಿಂದ ಊರಿಗೆ ಬರುವ ತನಕ ತಂಗಿಯ ಹತ್ತಿರ ಅದನ್ನೇ ಹೇಳಿಕೊಂಡು ಬಂದೆ. ಅವಳೂ ಹೆಮ್ಮೆಯಿಂದಲೇ ಕೇಳಿಸಿಕೊಂಡಳು.

ಎಲ್ಲ ಬದಲಾದದ್ದು ಅರಕಲಗೂಡಿನಲ್ಲಿ.

ಬಸ್ಸನ್ನು ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಬೇಕಿತ್ತು. ಜನರ ಬದಲು ಸೀಟುಗಳ ಮೇಲೆ ಮರಳಿನ ಚೀಲ ಇಟ್ಟು, ನಾನು ನನ್ನ ಮೈಕು, ಸೆನ್ಸರು ಎಲ್ಲ ಅಂಟಿಸಿಕೊಂಡು ಕೂತಿದ್ದೆ. ತಂಗಿಯ ಸ್ಪೀಕರ್ ಇನ್ನೂ ಬಂದಿರಲಿಲ್ಲ. ಅರಕಲಗೂಡು ಬಸ್ ನಿಲ್ದಾಣದಲ್ಲಿ ಕಾಫಿಗೆ ನಿಲ್ಲಿಸಿದೆವು. ಹೊರಡುವಾಗ ಪಕ್ಕದಲ್ಲಿ ಶುಂಠಿ ಮೂಟೆ ಇಳಿಸುತ್ತಿದ್ದ ಲಾರಿಯ ಮರೆಯಿಂದ ಒಬ್ಬರು ಬಿಳಿ ಕೋಲು ತಟ್ಟಿಕೊಂಡು ನೇರ ನಮ್ಮ ಬಸ್ಸಿನ ಮುಂದಕ್ಕೆ ಬಂದುಬಿಟ್ಟರು. ಡ್ರೈವರ್ ಬ್ರೇಕ್ ಹಾಕಿದ. ಕೋಲು ಚಕ್ರದ ಅಡಿಗೆ ಸಿಕ್ಕಿ ಮುರಿಯಿತು. ಅವರು ಬಿದ್ದರು.

ನಾನು ಹಾರಿ ಇಳಿದೆ. ಅವರ ಅಂಗೈ ತರಚಿ ರಕ್ತ ಬರುತ್ತಿತ್ತು, ಮಣಿಕಟ್ಟು ಆಗಲೇ ಊದಿಕೊಳ್ಳುತ್ತಿತ್ತು. ಸುತ್ತ ಜನ ಸೇರಿದರು. "ಕಣ್ ಕಾಣಾಕಿಲ್ವೇನ್ಲಾ ನಿಂಗೆ? ಮೇಷ್ಟ್ರು ಕಣ್ಲಾ ಅವ್ರು!" ಎಂದು ಯಾರೋ ನಮ್ಮ ಡ್ರೈವರ್ ಮೇಲೆ ಹಾರಿಬಿದ್ದರು. ಬಿದ್ದವರು ಮಾತ್ರ ನೆಲದಲ್ಲೇ ಕೂತು ತಲೆ ಆಚೀಚೆ ತಿರುಗಿಸುತ್ತಾ, "ಏನದು? ಏನ್ ಬಂತು?" ಎಂದು ಕೇಳುತ್ತಿದ್ದರು.

"ಬಸ್ಸು ಸರ್" ಅಂದೆ.

"ಬಸ್ಸಾ? ಸದ್ದೇ ಇಲ್ವಲ್ಲಮ್ಮ!"

ಅವರನ್ನು ಅದೇ ಬಸ್ಸಿನಲ್ಲಿ ಮರಳಿನ ಚೀಲ ಸರಿಸಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಅವರು ಅಲ್ಲೇ ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಮಾಡುವ ಮೇಷ್ಟರು. ದಾರಿಯಲ್ಲಿ ನನ್ನ ಕೆಲಸವೇನೆಂದು ಕೇಳಿದರು. ಹೇಳಿದೆ. ಅವರು ನೋವಿರದ ಕೈಯಿಂದ ಕಿಟಕಿಯ ಗಾಜು ಮುಟ್ಟಿ, ಸೀಟಿನ ಅಂಚು ಮುಟ್ಟಿ, ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡು, "ಬಹಳ ಚೆನ್ನಾಗಿ ಮಾಡಿದ್ದೀರಿ ಕಣಮ್ಮ" ಅಂದರು. ಕುಹಕವಿರಲಿಲ್ಲ. ಮನಸಾರೆ ಅಂದದ್ದು. ನನ್ನ ಕೆಲಸವನ್ನು ನಿಜವಾಗಿ ಕೇಳಿಸಿಕೊಂಡು ಹೊಗಳಿದವರು ಅವರು. ಅವರ ಕೈಯ ರಕ್ತ ನನ್ನ ದುಪಟ್ಟಾಕ್ಕೆ ಅಂಟಿತ್ತು. ಆ ಹೊಗಳಿಕೆಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಮರುದಿನದಿಂದ ಕಂಪನಿಯಲ್ಲಿ ಮಾತೆಲ್ಲ ತಂಗಿಯ ಸದ್ದಿನದು. ಅದಿಲ್ಲದೆ ಬಸ್ಸು ಗೇಟಿನಾಚೆ ಹೋಗುವಂತಿಲ್ಲ ಎಂದಾಯಿತು. ಅವಳಿಗೊಂದು ಪ್ರತ್ಯೇಕ ಕೋಣೆ ಬಂತು, ಇಬ್ಬರು ಸಹಾಯಕರು ಬಂದರು. ದಿನಕ್ಕೊಬ್ಬರು ದೊಡ್ಡವರು ಬಂದು ಅವಳ ಕೋಣೆಯಲ್ಲಿ ಕೂತು ಸದ್ದು ಕೇಳಿ ಅಭಿಪ್ರಾಯ ಹೇಳಿ ಹೋಗುತ್ತಿದ್ದರು. ಸದ್ದಿನ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿರುತ್ತದೆ. ಕ್ಯಾಂಟೀನಿನಲ್ಲಿ ನಮ್ಮ ಡ್ರೈವರ್ ಕೂಡ, "ಮೇಡಂ, ಮೊನ್ನೆದು ಮಿಕ್ಸಿ ತಿರುಗ್ದಂಗಿತ್ತು ಕಣ್ರೀ, ಇವತ್ತಿಂದು ವಾಸಿ" ಎನ್ನುತ್ತಿದ್ದ. ನಾನು ಬಸ್ಸಿನೊಳಗೆ ತಂದ ಮೌನದ ಬಗ್ಗೆ ಯಾರೂ ಹಾಗೆ ಬಂದು ಏನೂ ಹೇಳಿರಲಿಲ್ಲ.

ತಂಗಿ ಅರಕಲಗೂಡಿಗೆ ಹೋಗಿ ಆ ಮೇಷ್ಟರನ್ನೇ ಹುಡುಕಿದಳು. ಅವರ ಮನೆಯಲ್ಲಿ ಕೂತು ಸದ್ದು ಕೇಳಿಸಿದಳು, ಅವರ ಹೆಂಡತಿ ಮಾಡಿದ ಕಡುಬು ತಿಂದಳು, ಅವರ ಶಾಲೆಯ ಬೀದಿಯಲ್ಲಿ ಸ್ಪೀಕರ್ ಹೊತ್ತುಕೊಂಡು ಓಡಾಡಿ ಎಷ್ಟು ದೂರಕ್ಕೆ ಕೇಳುತ್ತದೆ ಎಂದು ಅವರನ್ನೇ ಕೇಳಿದಳು. ಮೇಷ್ಟರು ಬಿದ್ದಾಗ ಕೈಹಿಡಿದು ಎಬ್ಬಿಸಿದವಳು ನಾನು. ಈಗ ಅವರು ಫೋನ್ ಮಾಡುತ್ತಿದ್ದದ್ದು ಅವಳಿಗೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಅವಳು ಅವರ ಜೊತೆ ನಗುನಗುತ್ತಾ ಮಾತಾಡುವಾಗ ನಾನು ಕಿಟಕಿಯಾಚೆಗೆ ತೆಂಗಿನ ತೋಟ ನೋಡುತ್ತಾ ಕೂರುತ್ತಿದ್ದೆ.

ಆಮೇಲೆ ಅವಳು ಅಪ್ಪನನ್ನು ಕಂಪನಿಗೆ ಕರೆತಂದಳು.

ಅದು ನನಗೆ ಮೊದಲೇ ಗೊತ್ತಿರಲಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದರೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ನಿಂತಿದ್ದರು. ಮದುವೆಗೆ ಹೊರಟವರ ಹಾಗೆ. ನಾನು ಆ ಕಂಪನಿಗೆ ಸೇರಿ ವರ್ಷಗಳೇ ಆಗಿದ್ದವು. ಒಂದು ದಿನ ಬನ್ನಿ ಅಪ್ಪ ಎಂದು ನಾನು ಕರೆದಾಗಲೆಲ್ಲ, "ನಾನ್ ಬಂದು ಏನ್ ಮಾಡ್ಲವ್ವ ಅಲ್ಲಿ" ಅನ್ನುತ್ತಿದ್ದರು.

ತಂಗಿಯ ಕೋಣೆಗೆ ಗಾಜಿನ ಬಾಗಿಲು. ಹೊರಗಿನಿಂದ ನೋಡಿದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸದ್ದು ಕೇಳಿದರೆ ಕೈ ಎತ್ತಬೇಕು ಎಂದು ಅವಳು ಹೇಳಿಕೊಟ್ಟಿದ್ದಳು. ಅವಳು ಒಂದೊಂದೇ ಸದ್ದು ಹಾಕುತ್ತಾ ಹೋದಳು. ಅಪ್ಪ ಕೈ ಎತ್ತಲಿಲ್ಲ. ದೊಡ್ಡವರೆಲ್ಲ ಭೇಷ್ ಅಂದಿದ್ದ ಸದ್ದು ಅದು, ಅಪ್ಪನ ಕಿವಿಗೆ ಬೀಳಲೇ ಇಲ್ಲ. ಅವಳು ಸ್ವರವನ್ನು ಇಳಿಸುತ್ತಾ ಹೋದಳು. ಇನ್ನೂ ಇಳಿಸಿದಳು. ಒಂದು ಕಡೆ ಅಪ್ಪ ತಟಕ್ಕನೆ ಕೈ ಎತ್ತಿದರು, ಆಮೇಲೆ ಇನ್ನೊಂದು ಕೈಯನ್ನೂ ಎತ್ತಿ ಶಾಲೆಯ ಮಗುವಿನ ಹಾಗೆ ನಕ್ಕರು. ತಂಗಿ ಎದ್ದು ಹೋಗಿ ಅವರ ಭುಜ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

ಅಪ್ಪನ ಕಿವಿಯ ಸಲುವಾಗಿ ಈ ದಾರಿ ಹಿಡಿದವಳು ನಾನು. ಅಪ್ಪನ ಕಿವಿಯೊಳಗೆ ಹೋಗಿ ಕೂತವಳು ಅವಳು. ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಉರಿ ಬಂದದ್ದು ಗಂಟಲಲ್ಲಿ. ಹುಳಿತೇಗಿನ ಹಾಗೆ, ಮೇಲೂ ಬಾರದೆ ಕೆಳಗೂ ಇಳಿಯದೆ.

ಹೊರಗೆ ಬಂದ ಅಪ್ಪ ನನ್ನನ್ನು ಕಂಡು, "ನಿನ್ ರೂಮ್ ಎಲ್ಲೈತವ್ವ?" ಎಂದು ಕೇಳಿದರು. ಕರೆದುಕೊಂಡು ಹೋದೆ. ಗೋಡೆಗೆ, ಚಾವಣಿಗೆ ದಪ್ಪನೆಯ ಸ್ಪಂಜು ಹೊಡೆದ ಕೋಣೆ ಅದು. ಒಳಗೆ ಬಾಗಿಲು ಹಾಕಿಕೊಂಡರೆ ನಮ್ಮ ಎದೆಯ ಬಡಿತ ನಮಗೇ ಕೇಳುತ್ತದೆ. ಬಂದವರೆಲ್ಲ ಬೆರಗಾಗುವ ಜಾಗ. ಅಪ್ಪ ಸುತ್ತ ನೋಡಿದರು.

"ಇಲ್ಲೇನೈತೆ?"

ಕಿವಿಯ ಹತ್ತಿರ ಬಾಯಿಟ್ಟು, ದನಿ ದಪ್ಪ ಮಾಡಿಕೊಂಡು, "ಇಲ್ಲಿ ಯಾವ ಸದ್ದೂ ಇರಲ್ಲ ಅಪ್ಪ" ಅಂದೆ.

"ನಂಗೆ ಎಲ್ಲಾ ಕಡೆನೂ ಅಂಗೇಯ ಕಣವ್ವ" ಎಂದು ಅಪ್ಪ ನಕ್ಕರು. ನಾನೂ ನಕ್ಕೆ. ಅವರನ್ನು ತಂಗಿಯ ಹತ್ತಿರ ಬಿಟ್ಟು ಬಂದು ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದಷ್ಟು ಹೊತ್ತು ಅತ್ತೆ. ಅಲ್ಲಿ ಅತ್ತರೆ ಹೊರಗೆ ಕೇಳುವುದಿಲ್ಲ, ಅದೊಂದು ಅನುಕೂಲ.

ಅಪ್ಪ ಕೈ ಎತ್ತಿದ ಆ ತಗ್ಗಿದ ಸ್ವರದ ಮೇಲೆಯೇ ತಂಗಿ ಬಸ್ಸಿನ ಸದ್ದನ್ನು ಕಟ್ಟಿದಳು. ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗಿತ್ತು ಅದು. ಬಸ್ಸು ವೇಗ ಹಿಡಿದಂತೆ ಸ್ವಲ್ಪ ಏರುತ್ತಿತ್ತು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಬಸ್ಸನ್ನು ನಿಧಾನವಾಗಿ ಓಡಿಸಿದಾಗ ಜನ ಬೆಚ್ಚಿಬೀಳದೆ, ಬೈಯದೆ, ತಿರುಗಿ ನೋಡಿ ಪಕ್ಕಕ್ಕೆ ಸರಿದರು. ಅರಕಲಗೂಡಿನಲ್ಲಿ ಮೇಷ್ಟರು ಹೊಸ ಕೋಲು ಹಿಡಿದು ರಸ್ತೆಯ ಅಂಚಿನಲ್ಲಿ ನಿಂತು, ಬಸ್ಸು ಎಲ್ಲಿದೆಯೋ ಅತ್ತ ಬೆರಳು ತೋರಿಸುತ್ತಾ ಹೋದರು. ಬಸ್ಸು ಸಾಗಿದಂತೆ ಬೆರಳೂ ಸಾಗಿತು. ನೋಡಿದವರು ಚಪ್ಪಾಳೆ ತಟ್ಟಿದರು.

ಪತ್ರಿಕೆಯವನೊಬ್ಬ ಬಂದಿದ್ದ. ತಂಗಿಯ ಹತ್ತಿರ ಬಹಳ ಹೊತ್ತು ಮಾತಾಡಿ, ಆಮೇಲೆ ಮರ್ಯಾದೆಗೆ ನನ್ನ ಕಡೆ ತಿರುಗಿ, "ತಾವೇನ್ ಮಾಡ್ತೀರಾ ಮೇಡಂ?" ಅಂದ.

"ಬಸ್ಸಿನೊಳಗಿನ ಸದ್ದು ಕಡಿಮೆ ಮಾಡ್ತೀನಿ."

"ಕರೆಂಟ್ ಬಸ್ಸಲ್ವಾ ಮೇಡಂ? ಅದಕ್ಕೆ ಸದ್ದೇ ಇರಲ್ವಲ್ಲ?"

ಗೇರಿನ ವಿಷಯ, ಗಾಳಿ ಯಂತ್ರದ ವಿಷಯ ಹೇಳಲು ಶುರುಮಾಡಿದೆ. ಅವನು ತಲೆ ಆಡಿಸುತ್ತಲೇ ಫೋನಿನಲ್ಲಿ ತಂಗಿಯ ಫೋಟೋ ಸರಿಯಾಗಿ ಬಂದಿದೆಯೋ ಎಂದು ನೋಡಿಕೊಳ್ಳುತ್ತಿದ್ದ. ಪತ್ರಿಕೆಯಲ್ಲಿ ಬಂದ ಆ ಫೋಟೋವನ್ನು ಅಪ್ಪ ಕತ್ತರಿಸಿ, ಊಟದ ಮೇಜಿನ ಗಾಜಿನ ಕೆಳಗೆ ಇಟ್ಟರು. ಭಾನುವಾರ ಅಲ್ಲಿ ಊಟಕ್ಕೆ ಹೋದರೆ ನನ್ನ ತಟ್ಟೆ ಸರಿಯಾಗಿ ಅದರ ಮೇಲೆಯೇ ಬರುತ್ತಿತ್ತು. ಅಮ್ಮ ನೋಡಿದಳು. ಮುಂದಿನ ಸಲ ಏನೂ ಹೇಳದೆ ನನ್ನನ್ನು ಇನ್ನೊಂದು ಕಡೆ ಕೂರಿಸಿದಳು. ಅಮ್ಮನಿಗೆ ಗೊತ್ತಾಗಿತ್ತಲ್ಲ ಎಂದು ಇನ್ನೂ ನಾಚಿಕೆಯಾಯಿತು.

ಹೀಗಿರುವಾಗ ಬಸ್ಸಿನೊಳಗೆ ಒಂದು ತಕರಾರು ಶುರುವಾಯಿತು. ನಿಲ್ದಾಣದಿಂದ ಹೊರಡುವಾಗ, ಜನಸಂದಣಿಯಲ್ಲಿ ನಿಧಾನವಾಗಿ ಹೋಗುವಾಗ, ಪರೀಕ್ಷೆಗೆಂದು ನಡುವಿನ ಸೀಟುಗಳಲ್ಲಿ ಕೂತ ನಮ್ಮ ಕಂಪನಿಯವರಿಗೆ ಕಿವಿಯಲ್ಲಿ ಗುಂಯ್ ಎಂದು ಒತ್ತಿದ ಹಾಗಾಗುತ್ತದೆ, ತಲೆ ಹಿಡಿಯುತ್ತದೆ ಎಂದು. ನಾನು ಮೈಕು ಇಟ್ಟು ಅಳೆದೆ. ಒಳಗಿನ ಗುಂಯ್‌ಗುಡುವಿಕೆಯ ಸ್ವರವೂ ತಂಗಿಯ ಸದ್ದಿನ ಸ್ವರವೂ ಒಂದೇ. ಕಂಪ್ಯೂಟರ್ ಪರದೆಯಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂತದ್ದನ್ನು ಕಂಡಾಗ ನನಗಾದ ಖುಷಿಯನ್ನು ಈಗಲೂ ಮರೆತಿಲ್ಲ. ಬಹಳ ದಿನಗಳ ಮೇಲೆ ಗಂಟಲು ಹಗುರವಾಗಿತ್ತು.

ಸಭೆಯಲ್ಲಿ ಗೆರೆಗಳನ್ನು ತೋರಿಸಿದೆ. ಮುಖ್ಯಸ್ಥರು ನೋಡಿ, ತಂಗಿಯ ಕಡೆ ತಿರುಗಿ, "ಹಾಗಾದರೆ ಸ್ವರ ಮೇಲಕ್ಕೆ ಎತ್ತಿಬಿಡಿ. ಮೊದಲಿನ ಸದ್ದೂ ಚೆನ್ನಾಗೇ ಇತ್ತಲ್ಲ" ಅಂದರು. ಮೇಲಕ್ಕೆ ಎತ್ತಿದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಇದ್ದವರ ಪೈಕಿ ನಮ್ಮಿಬ್ಬರಿಗೇ ಗೊತ್ತಿತ್ತು. ತಂಗಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು. ಆಮೇಲೆ "ಆಯ್ತು ಸರ್" ಅಂದಳು. ಸಂಜೆ ಎಂದಿನ ಹಾಗೆ ಬಸ್ಸು ಹತ್ತಿದೆವು. ಚನ್ನರಾಯಪಟ್ಟಣ ಹತ್ತಿರ ಬರುವಾಗ ಅವಳು, "ಅಪ್ಪಂಗೆ ಆ ಸ್ವರ ಬಿಟ್ರೆ ಬೇರೆ ಕೇಳಲ್ಲ ಕಣೇ ಅಕ್ಕ" ಅಂದಳು.

"ಬಸ್ಸು ಅಪ್ಪ ಒಬ್ಬರಿಗೇ ಅಲ್ಲವಲ್ಲ" ಅಂದೆ. ನ್ಯಾಯವಾದ ಮಾತೇ. ಆದರೆ ಅದನ್ನು ಆಡುವಾಗ ಬಾಯಿಗೆ ಎಷ್ಟು ರುಚಿಯಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

ಆ ಭಾನುವಾರ ಅಪ್ಪನ ಮನೆಗೆ ಹೋದೆ. ಪಡಸಾಲೆಯಲ್ಲಿ ತಂಗಿ ಲ್ಯಾಪ್‌ಟಾಪು, ಒಂದು ಸಣ್ಣ ಸ್ಪೀಕರ್ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ಅಪ್ಪ. ಅವಳು ಮೇಲಿನ ಸ್ವರಗಳಲ್ಲೇ ಯಾವುದಾದರೂ ಒಂದು ಅವರಿಗೆ ಕೇಳೀತೇ ಎಂದು ಹುಡುಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಸ್ಪೀಕರಿನಿಂದ ಸದ್ದು ಬಂತು. ನನಗೆ ಚೆನ್ನಾಗಿ ಕೇಳಿತು. ಅಪ್ಪ ಕೈ ಎತ್ತಲಿಲ್ಲ. ಇನ್ನೊಂದು. ಎತ್ತಲಿಲ್ಲ. ತಂಗಿ ಕೂದಲು ಹಿಂದಕ್ಕೆ ನೂಕಿಕೊಂಡು ಮತ್ತೊಂದನ್ನು ಹಾಕಲು ಸಿದ್ಧಮಾಡಿಕೊಂಡು, ಅವರ ಮುಖವನ್ನೇ ನೋಡಿದಳು. ಅಪ್ಪ ಅವಳ ಮುಖ ನೋಡಿದರು. ನಿಧಾನವಾಗಿ ಕೈ ಎತ್ತಿದರು.

ತಂಗಿಯ ಬೆರಳು ಕೀಲಿಯನ್ನು ಇನ್ನೂ ಒತ್ತಿರಲಿಲ್ಲ. ಸದ್ದು ಬಂದೇ ಇರಲಿಲ್ಲ.

"ಕೇಳ್ತು ಬುಡವ್ವ, ಚೆಂದಾಗೈತೆ" ಎಂದರು ಅಪ್ಪ.

ತಂಗಿ "ಹೌದಾ ಅಪ್ಪ" ಎಂದು ತಲೆ ತಗ್ಗಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಮಾಡುವವಳ ಹಾಗೆ ಕೂತಳು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಮ್ಮ ಮುದ್ದೆ ತಿರುವುತ್ತಿದ್ದಳು. ಊಟಕ್ಕೆ ಇರು ಅಂದಳು. ಇಲ್ಲ ಅಂದು ಹೊರಗೆ ಬಂದೆ. ಮಗಳ ಸಮಾಧಾನಕ್ಕೆಂದು ಅಪ್ಪ ಕೈ ಎತ್ತಿದ್ದರಲ್ಲ, ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆ ಉರಿದಿತ್ತು. ಅದರ ಜೊತೆಗೆ ಇನ್ನೊಂದು ಸಂಕಟವೂ ಇತ್ತು. ಅಪ್ಪನಿಗೆ ಹೊರಗಿನ ಲೋಕದಿಂದ ಸಿಕ್ಕ ಒಂದು ಸದ್ದನ್ನು ನಾನು ಕಿತ್ತುಕೊಂಡಿದ್ದೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತ ಕೂಡಲೇ ಹೇಳಿದೆ: "ನಿನ್ನ ಸ್ಪೀಕರ್ ಬಿಚ್ಚು. ಬಸ್ಸಿಗೆ ತಾಗದ ಹಾಗೆ ಹಗ್ಗದಲ್ಲಿ ತೂಗುಹಾಕಿ ನೋಡೋಣ."

"ಯಾಕೆ?"

"ಆ ಸದ್ದು ಗಾಳಿಯಲ್ಲಿ ಒಳಗೆ ಬರ್ತಿದೆಯೋ ಕಬ್ಬಿಣದಲ್ಲಿ ಬರ್ತಿದೆಯೋ ನಾನು ನೋಡಿಯೇ ಇಲ್ಲ."

ಶೆಡ್ಡಿನಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು ತಂದು, ಸ್ಪೀಕರನ್ನು ಬಿಚ್ಚಿ, ಬಸ್ಸಿನ ಮುಂದೆ ಅದೇ ಜಾಗದಲ್ಲಿ ಹಗ್ಗ ಕಟ್ಟಿ ತೂಗುಬಿಟ್ಟೆವು. ಅವಳು ಹೊರಗಿನಿಂದ ಸದ್ದು ಹಾಕಿದಳು. ನಾನು ಒಳಗೆ ನಡುವಿನ ಸೀಟಿನಲ್ಲಿ ಕೂತಿದ್ದೆ. ಏನೂ ಇಲ್ಲ. ಮತ್ತೆ ಬೋಲ್ಟು ಹಾಕಿ ಬಿಗಿದೆವು. ಗುಂಯ್ ಎಂದಿತು. ನೆಲದ ಮೇಲೆ ಅಂಗೈ ಇಟ್ಟರೆ ತಗಡು ನಡುಗುವುದು ಗೊತ್ತಾಗುತ್ತಿತ್ತು. ಸ್ಪೀಕರನ್ನು ಕೂರಿಸಿದ್ದ ಬ್ರಾಕೆಟ್ಟು ಬಸ್ಸಿನ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ನೇರ ಬಿಗಿದಿತ್ತು. ಅಲ್ಲಿಂದ ನಡುಕ ಕಬ್ಬಿಣದಲ್ಲೇ ಹರಿದು ಬಂದು, ನಡುವಿನ ನೆಲದ ತಗಡಿಗೆ ಆ ಸ್ವರವೇ ಹೊಂದಿಕೆಯಾಗಿ ಅದು ತಮಟೆಯ ಹಾಗೆ ಮಿಡಿಯುತ್ತಿತ್ತು. ಸದ್ದು ಅವಳದು, ನೆಲ ನನ್ನದು.

ನಾವಿಬ್ಬರೂ ಆ ವಾರವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ಕೆಲಸ ಮಾಡಿದೆವು. ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಮೆತ್ತನೆಯ ರಬ್ಬರು ಹಾಕಿದೆವು. ನಾಲ್ಕಾರು ಬಗೆಯ ರಬ್ಬರು ನೋಡಿ, ಒಂದು ತೀರಾ ಗಟ್ಟಿಯಾಗಿ, ಒಂದು ತೀರಾ ಮೆತ್ತಗಾಗಿ, ಕೊನೆಗೆ ಒಂದು ಸರಿಹೋಯಿತು. ನೆಲದ ತಗಡಿನ ಅಡಿಗೆ ಭಾರದ ಹಾಸು ಅಂಟಿಸಿದೆವು. ಹಿಂದೆ ನಾವು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ದಿನಗಳಲ್ಲಿ ಮಾತಾಡುತ್ತಿದ್ದ ಹಾಗೆ, ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿ ಒಬ್ಬರ ಮುಖ ಒಬ್ಬರು ನೋಡದೆ ಏನೇನೋ ಮಾತಾಡಿಕೊಂಡೆವು. ನನ್ನ ಹೊಟ್ಟೆಕಿಚ್ಚಿನ ವಿಷಯ ಒಂದನ್ನು ಬಿಟ್ಟು.

ಗುಂಯ್‌ಗುಡುವಿಕೆ ಹೋಯಿತು. ತಂಗಿಯ ಸದ್ದು ಉಳಿಯಿತು. ಮುಖ್ಯಸ್ಥರು ಎಲ್ಲರೆದುರು, "ಕೊನೆಗೂ ನಿಮ್ಮ ಸದ್ದೇ ಗೆದ್ದಿತು" ಎಂದು ಅವಳ ಕೈ ಕುಲುಕಿದರು. ಅವಳು "ಅಕ್ಕ ಮಾಡಿದ್ದು ಸರ್" ಅಂದಳು. ಅವರು "ಹೌದು ಹೌದು, ಇಬ್ಬರೂ" ಎಂದರು. ಅಷ್ಟೆ. ಗಂಟಲಿನ ಹುಳಿ ಮತ್ತೆ ಎಲ್ಲಿತ್ತೋ ಅಲ್ಲಿಗೇ ಬಂತು.

ಬಸ್ಸು ಜನರನ್ನು ಹತ್ತಿಸಿಕೊಂಡು ಓಡತೊಡಗಿದ ಮೊದಲ ವಾರದಲ್ಲಿ ಅಪ್ಪ ತಾವೂ ಬರುತ್ತೇನೆಂದರು. ತಾವು ಓಡಿಸುತ್ತಿದ್ದ ಅದೇ ದಾರಿ. ನಾವಿಬ್ಬರೂ ರಜೆ ಹಾಕಿದೆವು. ಚನ್ನರಾಯಪಟ್ಟಣದ ನಿಲ್ದಾಣಕ್ಕೆ ಬಸ್ಸು ಬರುತ್ತಿದ್ದಂತೆ ಅಪ್ಪ ಕಿವಿಯ ಹಿಂದೆ ಕೈಯಿಟ್ಟು ಅರೆಗಣ್ಣು ಮುಚ್ಚಿ ನಿಂತರು. ಪಕ್ಕದಲ್ಲಿ ನಿಂತಿದ್ದ ಗುರುತೇ ಇಲ್ಲದವರಿಗೆ, "ಕೇಳುಸ್ತಾ? ನಮ್ ಚಿಕ್ ಮಗ್ಳು ಮಾಡಿದ್ ಸದ್ದು ಅದು" ಅಂದರು. ಆ ಮನುಷ್ಯ ನನ್ನ ಕಡೆ ತೋರಿಸಿ, "ಇವ್ರಾ?" ಎಂದು ಕೇಳಿದ. "ಇಲ್ಲ, ಇವ್ಳು ದೊಡ್ಡೋಳು. ಅಕಾ, ಅವ್ಳು" ಎಂದು ಅಪ್ಪ ಬೆರಳು ತೋರಿಸಿದರು. ನಾನು ಬೇಗ ಹತ್ತಿ ಸೀಟು ಹಿಡಿದೆ.

ಅಪ್ಪ ನಮ್ಮಿಬ್ಬರ ನಡುವೆ ಕೂತರು. ಊರು ದಾಟಿ ಬಸ್ಸು ವೇಗ ಹಿಡಿಯಿತು. ಸ್ವಲ್ಪ ದೂರ ಅವರು ಡ್ರೈವರನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟರು. ಬರಿಗಾಲನ್ನು ನೆಲಕ್ಕೆ ಊರಿ ಕೂತರು. ಒಂದು ಪಾದ ಎತ್ತಿ ಇಟ್ಟರು, ಇನ್ನೊಂದು ಎತ್ತಿ ಇಟ್ಟರು. ಅಂಗೈಯನ್ನು ಮುಂದಿನ ಸೀಟಿನ ಕಂಬಿಗೆ ಒತ್ತಿದರು. ರಸ್ತೆ ಅಲ್ಲಿ ಅಷ್ಟೇನೂ ಚೆನ್ನಾಗಿರಲಿಲ್ಲ. ಹೊಳೆನರಸೀಪುರ ಇನ್ನೂ ಬಂದಿರಲಿಲ್ಲ.

"ಇದೇನಿದು" ಅಂದರು ಗಟ್ಟಿಯಾಗಿ, ತಮ್ಮ ಮಾತು ತಮಗೇ ಕೇಳದವರ ದನಿಯಲ್ಲಿ. ಬಸ್ಸಿನವರೆಲ್ಲ ತಿರುಗಿ ನೋಡಿದರು. "ಕಾಲು ಜುಮ್ ಅಂತಾನೇ ಇಲ್ವಲ್ಲ! ನಾನ್ ಗಾಡಿ ಓಡ್ಸಿ ಮನೆಗ್ ಬಂದು ಮನೀಕಂಡ್ರೂ ಕಾಲು ನಡುಗ್ತಿತ್ತು. ನಿಮ್ಮವ್ವ ಒತ್ತವ್ಳು. ಯಾರ್ ಮಾಡುದ್ರು ಇದ?"

ತಂಗಿ ನನ್ನ ಕಡೆ ಬೆರಳು ತೋರಿಸಿದಳು.

"ನೀನಾ?" ಅಪ್ಪ ನನ್ನ ಕಡೆ ಪೂರ್ತಿ ತಿರುಗಿದರು. "ಯೋಳ್ಲೇ ಇಲ್ವಲ್ಲವ್ವ ನೀನು!"

ಹೇಳಿದ್ದೆ. ಕೆಲಸಕ್ಕೆ ಸೇರಿದಾಗಿನಿಂದ ಎಷ್ಟು ಸಲ ಹೇಳಿದ್ದೆನೋ. ನನ್ನದು ಸಣ್ಣ ದನಿ. ಅವರು ಪ್ರತಿ ಸಲವೂ ತಲೆ ಆಡಿಸಿದ್ದರು, ನಾನು ಕೇಳಿಸಿತೆಂದುಕೊಂಡಿದ್ದೆ. ಈಗ ಬಾಯಿ ಬಿಟ್ಟರೆ ಅಳು ಬರುತ್ತದೆಂದು ಸುಮ್ಮನೆ ತಲೆ ಆಡಿಸಿದೆ. ಅಪ್ಪ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಹೇಮಾವತಿಯ ಸೇತುವೆ ದಾಟುವ ತನಕ ತೆಗೆಯಲಿಲ್ಲ. ತಂಗಿ ಕಿಟಕಿಯಾಚೆ ನೋಡುತ್ತಿದ್ದಳು.

ಅರಕಲಗೂಡಿನಲ್ಲಿ ಇಳಿದು ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು. ಅಪ್ಪ ಹಳೆಯ ಕಂಡಕ್ಟರ್ ಗೆಳೆಯರೊಬ್ಬರು ಸಿಕ್ಕಿದರೆಂದು ಹೊರಗೇ ನಿಂತು ಮಾತಿಗೆ ಹತ್ತಿದರು. ತಮ್ಮ ಕಾಲು ಎತ್ತಿ ತೋರಿಸಿ ಏನೋ ವಿವರಿಸುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ತಂಗಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿಯುತ್ತಾ ಅದನ್ನು ನೋಡುತ್ತಿದ್ದಳು.

"ಅಕ್ಕ" ಅಂದಳು. "ನಂಗೆ ಎಷ್ಟು ಹೊಟ್ಟೆ ಉರೀತಾ ಇದೆ ಗೊತ್ತಾ ನಿನ್ನ ಮೇಲೆ?"

"ನನ್ನ ಮೇಲಾ?"

"ಹೂಂ. ನನ್ನ ಸದ್ದು ಕೇಳಿ ಅಪ್ಪ ಖುಷಿಪಟ್ಟರು, ಸರಿ. ಆದರೆ ಹಾಗೆ ಬಾಯಿಬಿಟ್ಟುಕೊಂಡು ಕೂರಲಿಲ್ಲ." ಅವಳು ನಕ್ಕಳು. ಕಣ್ಣಲ್ಲಿ ನಗು ಇರಲಿಲ್ಲ. "ಇನ್ನೊಂದು ವಾರ ನಿನ್ನ ಹತ್ತಿರ ಮಾತಾಡಲ್ಲ ನೋಡು."

ಇಷ್ಟು ದಿನ ನಾನು ಹೊತ್ತುಕೊಂಡು ತಿರುಗಿದ್ದನ್ನು ಅವಳು ಒಂದು ಲೋಟ ಕಾಫಿಯ ಮುಂದೆ ಕೂತು ಹೇಳಿ ಮುಗಿಸಿದಳು. ಈಗ ನಾನೂ ಹೇಳಬಹುದಿತ್ತು. ನನಗೂ ಹಾಗೇ ಆಗಿತ್ತು ಕಣೇ, ಬಹಳ ದಿನಗಳಿಂದ, ಅಂದಿದ್ದರೆ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಬಾಯಿಯ ತನಕ ಬಂತು. ಹೋಟೆಲಿನವನು ಬಂದು ಮತ್ತೇನು ಬೇಕೆಂದು ಕೇಳಿದ. ಅವಳು ಎರಡು ವಡೆ ಹೇಳಿದಳು.

ಅಷ್ಟು ಸಲೀಸಾಗಿ ಹೇಳುವುದು ಅವಳಿಗೆ ಹೇಗೆ ಬಂತು ಎಂದು ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.